ಅವನ ಪರವಾಗಿ ಒಂದು ಹೌದು

ಹೆಡ್‌ಫೋನಿನೊಳಗೆ ಟಿಣ್ ಎಂದಿತು. ಚಮಚ ಲೋಟಕ್ಕೆ ತಾಗಿದಷ್ಟು ಸಣ್ಣ ಸದ್ದು. ರಾತ್ರಿ ಹನ್ನೊಂದೂ ಮುಕ್ಕಾಲಾಗಿತ್ತು. ನಡೀನ್ ಟಕೋನಿ ಕುರ್ಚಿಯಲ್ಲಿ ನೆಟ್ಟಗಾದಳು.

ಹದಿನಾರು ವರ್ಷಗಳಿಂದ ಈ ಸದ್ದಿಗೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಎಲ್ಲೋ ಕಿವುಡರೊಬ್ಬರ ಮನೆಯ ಪರದೆ, ಇನ್ನೆಲ್ಲೋ ಒಂದು ಮಾಮೂಲಿ ಫೋನು, ಎರಡೂ ಅವಳ ಪುಟ್ಟ ಕೋಣೆಯಲ್ಲಿ ಬಂದು ಸೇರುತ್ತವೆ. ಪರದೆಯ ಕೈಗಳನ್ನು ಅವಳು ಮಾತಾಗಿಸಬೇಕು, ಫೋನಿನ ಮಾತನ್ನು ಕೈಯಾಗಿಸಬೇಕು. ಅವರು 'ನಾನು' ಎಂದು ಸನ್ನೆ ಮಾಡಿದರೆ ಇವಳೂ 'ನಾನು' ಎನ್ನಬೇಕು. ಒಂದು ಮಾತನ್ನೂ ಬಿಡುವಂತಿಲ್ಲ, ಒಂದನ್ನೂ ಸೇರಿಸುವಂತಿಲ್ಲ. ಕರೆ ಮುಗಿದ ಮೇಲೆ ಹೊರಗೆ ಉಸಿರೆತ್ತುವಂತಿಲ್ಲ.

ಆ ರಾತ್ರಿ ಅವಳ ಕಂಪನಿಯನ್ನು ಅರಿಜೋನಾದ ದೊಡ್ಡ ಕಂಪನಿಯೊಂದು ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತು. ಗ್ರಾಹಕರ ನಂಬರುಗಳೆಲ್ಲ ಕಂತುಕಂತಾಗಿ ಅವರ ಯಂತ್ರಗಳಿಗೆ ದಾಟುತ್ತಿದ್ದವು. ಉಳಿದ ಊರುಗಳ ಕೇಂದ್ರಗಳನ್ನು ಸಂಜೆಯೇ ಮುಚ್ಚಿದ್ದರಿಂದ, ಬೆಳಗಾಗುವವರೆಗೆ ಹಳೆಯ ಗ್ರಾಹಕರ ಕರೆಗಳು ಬರುತ್ತಿದ್ದುದು ರೋಚೆಸ್ಟರಿನ ಈ ಕೇಂದ್ರಕ್ಕೆ ಮಾತ್ರ. ಅಲ್ಲಿ ಎಚ್ಚರವಿದ್ದ ದುಭಾಷಿಗಳು ಮೂವರು.

"ಒಂದೂ ತಕರಾರಿಲ್ಲದೆ ರಾತ್ರಿ ಕಳೆದ್ರೆ ನಮ್ಮನ್ನ ಉಳಿಸ್ಕೊಳ್ತಾರಂತೆ," ಎಂದಿದ್ದ ಮೇಲ್ವಿಚಾರಕ ಡ್ವೇನ್, ತಣ್ಣಗಾದ ಹುರಿದ ಆಲೂಗಡ್ಡೆ ಅಗಿಯುತ್ತ.

"ಅಂತೆ?"

"ನಿನಗೆ ಬರೆದು ಕೊಡ್ಬೇಕಾ ತಾಯಿ? ಹೋಗು, ಬೆರಳು ಸಡಿಲ ಮಾಡ್ಕೋ."

ಪರದೆಯಲ್ಲಿ ಅರವತ್ತರ ಗಂಡಸೊಬ್ಬ ಕಾಣಿಸಿದ. ಮಲಗುವ ಅಂಗಿ, ಊದಿದ ಕಣ್ಣು. ಹಿಂದೆ ಅವನ ಹೆಂಡತಿ, ಕೂದಲು ಕೆದರಿಕೊಂಡು ನಿಂತಿದ್ದಳು. ಕರೆ ಮಾಡಿದ್ದು ಆಸ್ಪತ್ರೆಯ ಹೆಂಗಸು.

"ಮಿಸ್ಟರ್ ಹ್ಯಾಲೊರನ್? ಅಬ್ಬ, ಸಿಕ್ಕಿದ್ರಲ್ಲ! ಅಂಗಾಂಗ ಕಸಿ ವಿಭಾಗದಿಂದ ಮಾತಾಡ್ತಿದ್ದೀನಿ. ಸಂಜೆಯಿಂದ ನಾಲ್ಕು ಸಲ ಮಾಡ್ದೆ, ಈ ನಂಬರೇ ಇಲ್ಲ ಅಂತ ಬರ್ತಿತ್ತು. ನಿಮಗೆ ಹೊಂದೋ ಕಿಡ್ನಿ ಒಂದು ಬಂದಿದೆ."

ನಡೀನಳ ಕೈಗಳು ಅದನ್ನೇ ಹೇಳಿದವು. ಹ್ಯಾಲೊರನ್ನನ ಬಾಯಿ ಅರೆ ತೆರೆಯಿತು.

"ಒಂದು ವಿಷ್ಯ ಹೇಳ್ಬೇಕು. ಕೊಟ್ಟವರಿಗೆ ಒಂದು ಸೋಂಕಿತ್ತು. ಔಷಧಿಯಲ್ಲಿ ವಾಸಿಯಾಗತ್ತೆ, ಆದ್ರೂ ನಿಮ್ಮ ಒಪ್ಪಿಗೆ ಬೇಕು. ತುಂಬ ಹೊತ್ತು ಕಳೆದುಹೋಗಿದೆ. ಈಗ್ಲೇ ಹೇಳ್ಬೇಕು, ಹೌದಾ, ಇಲ್ವಾ?"

ಅವನು ಕುತ್ತಿಗೆ ತಿರುಗಿಸಿ ಹೆಂಡತಿಯನ್ನು ನೋಡಿದ. ಅಲ್ಲಿಗೆ ಚಿತ್ರ ನಿಂತುಹೋಯಿತು. ಕೈಗಳು ಮಡಿಲಲ್ಲಿ, ಮುಖ ಅತ್ತ.

"ದುಭಾಷಿ ಮಾತಾಡ್ತಿದ್ದೀನಿ," ಎಂದಳು ನಡೀನ್, ಕಲಿಸಿಕೊಟ್ಟಂತೆಯೇ. "ಚಿತ್ರ ನಿಂತಿದೆ. ದಯವಿಟ್ಟು ಕಾಯಿರಿ."

"ಎಷ್ಟು ಹೊತ್ತು?"

"ಗೊತ್ತಿಲ್ಲ ಮೇಡಂ."

ಆಚೆ ಕಾಗದ ಮಗುಚುವ ಸದ್ದು. "ನೋಡಮ್ಮಾ, ನನ್ನ ಪಟ್ಟಿಯಲ್ಲಿ ಮುಂದಿನ ಹೆಸರಿದೆ. ಒಂದು ನಿಮಿಷ ಕೊಡ್ತೀನಿ. ಆಮೇಲೆ ಉತ್ತರ ಇಲ್ಲ ಅಂತ ಬರ್ಕೊಂಡು ಅವರಿಗೆ ಫೋನ್ ಮಾಡ್ತೀನಿ."

ನಡೀನ್ ಪರದೆಯನ್ನೇ ನೋಡಿದಳು. ಮಡಿಲಿನ ಕೈಗಳು ಕದಲಲಿಲ್ಲ. ಅವಳ ಅಪ್ಪ ಅಮ್ಮ ಇಬ್ಬರೂ ಕಿವುಡರು. ಏಳನೆಯ ವಯಸ್ಸಿಗೇ ಅಪ್ಪನ ಪರವಾಗಿ ಗ್ಯಾರೇಜಿನವನ ಜೊತೆ, ಬ್ಯಾಂಕಿನವರ ಜೊತೆ ಫೋನಿನಲ್ಲಿ ಮಾತಾಡಿದವಳು. ಆಗ ಅಪ್ಪನ ಕೈ ತಡವಾದರೆ ತಾನೇ ಏನೋ ಒಂದು ಹೇಳಿಬಿಡುತ್ತಿದ್ದಳು. ಆ ಚಾಳಿಯನ್ನು ಬಿಡಲೆಂದೇ ಮೂರು ವರ್ಷ ಓದಿದ್ದಳು.

"ಆಯ್ತು, ನಿಮಿಷ ಮುಗೀತು," ಎಂದಳು ಆಸ್ಪತ್ರೆಯ ಹೆಂಗಸು.

"ಹೌದು," ಎಂದಳು ನಡೀನ್. "ಒಪ್ಪಿಗೆ ಇದೆ. ನಾನು ಬರ್ತೀನಿ."

"ಒಳ್ಳೇದಾಯ್ತು! ಬೆಳಗಿನ ಜಾವ ನಾಲ್ಕು ಗಂಟೆಯೊಳಗೆ ಇಲ್ಲಿರ್ಬೇಕು. ಏನೂ ತಿನ್ಬೇಡಿ, ಕುಡೀಬೇಡಿ." ಕರೆ ಕಡಿದುಹೋಯಿತು. ಪರದೆ ನೀಲಿಯಾಗಿ, ಹೊಸ ಕಂಪನಿಯ ಸ್ವಾಗತದ ಸಾಲು ಮೂಡಿತು.

ತಾನು ಮಾಡಿದ್ದೇನೆಂದು ಆಮೇಲಷ್ಟೇ ಅವಳಿಗೆ ಪೂರ್ತಿ ಹೊಳೆಯಿತು. ಹೌದೆಂದು ಹೇಳಿದ್ದಾಗಿದೆ, ಯಾರ ಹೆಸರಲ್ಲಿ ಹೇಳಿದಳೋ ಅವನಿಗೇ ಅದು ಗೊತ್ತಿಲ್ಲ. ಅವನು ಕಪ್ಪು ಪರದೆಯ ಮುಂದೆ ಕೂತಿರುತ್ತಾನೆ, ಕಿಡ್ನಿ ಅವನಿಗಾಗಿ ಮಂಜುಗಡ್ಡೆಯಲ್ಲಿ ಕಾಯುತ್ತಿರುತ್ತದೆ. ಪಟ್ಟಿಯ ಮುಂದಿನವರ ಮನೆಯ ಫೋನು ಸುಮ್ಮನಿರುತ್ತದೆ. ನಾಲ್ಕು ಗಂಟೆ ದಾಟಿದರೆ ಅದು ಯಾರಿಗೂ ಇಲ್ಲ. ಅವನಿಗೆ ಕರೆ ಮಾಡೋಣವೆಂದರೆ ನಂಬರು ದುಭಾಷಿಗಳಿಗೆ ಕಾಣುವುದಿಲ್ಲ. ಯಾವ ಊರಿನ ಆಸ್ಪತ್ರೆಯೆಂದು ಆ ಹೆಂಗಸು ಹೇಳಿರಲೂ ಇಲ್ಲ.

ಎದ್ದು ಡ್ವೇನ್‌ನ ಮೇಜಿಗೆ ಓಡಿದಳು.

"ಒಳ್ಳೆ ಸುದ್ದಿ ಇದ್ರೆ ಮಾತ್ರ ಬಾಯಿ ಬಿಡು," ಎಂದ ಅವನು, ಅರಿಜೋನಾದವರ ಫೋನನ್ನು ಭುಜಕ್ಕೆ ಒತ್ತಿ ಹಿಡಿದು.

"ಈಗ ಕಡಿದ ಕರೆಯದು ನಂಬರ್ ತೆಗೀಬಹುದಾ?"

"ದಾಖಲೆ ಹಳೇದ್ರಲ್ಲೂ ಇಲ್ಲ, ಹೊಸದ್ರಲ್ಲೂ ಇಲ್ಲ, ದಾರಿಯಲ್ಲಿದೆ. ಏಳು ಗಂಟೆಗೆ ಕೇಳು. ಯಾಕೆ, ಏನಾಯ್ತು? ಮುಖ ಯಾಕೆ ಹಾಗಿದೆ?"

ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹೋದರೆ ಹೋಗಲಿ, ಆದರೆ ಹೇಳಿದ ಮಾತ್ರಕ್ಕೆ ಆ ಮನುಷ್ಯನಿಗೆ ಸುದ್ದಿ ಮುಟ್ಟುವುದಿಲ್ಲವಲ್ಲ. "ಅವರು ಮತ್ತೆ ಮಾಡಬಹುದು," ಎಂದಷ್ಟೇ ಹೇಳಿ ಕೋಣೆಗೆ ಮರಳಿದಳು.

ಹನ್ನೆರಡೂ ಹತ್ತಕ್ಕೆ ಟಿಣ್. ಟ್ಯಾಕ್ಸಿ ಬೇಕೆಂಬ ಹುಡುಗಿ. ಹನ್ನೆರಡೂ ಇಪ್ಪತ್ತಕ್ಕೆ ತಂಗಿಯೊಡನೆ ಜಗಳವಾಡುವ ಮುದುಕಿ. ನಡೀನ್ ಎರಡೂ ಕಡೆಯ ಬೈಗುಳಗಳನ್ನು ಒಂದನ್ನೂ ಬಿಡದೆ ದಾಟಿಸಿದಳು. ಪಕ್ಕದ ಎರಡು ಕೋಣೆಗಳಲ್ಲಿ ದುಭಾಷಿಯ ದನಿ ಎದ್ದಾಗಲೆಲ್ಲ ಅವನೇ ಇರಬೇಕೆಂದು ಹೆಡ್‌ಫೋನ್ ಸರಿಸಿ ಕೇಳಿದಳು.

ಹನ್ನೆರಡೂ ನಲವತ್ತೆರಡಕ್ಕೆ ಅವಳದೇ ಪರದೆಯಲ್ಲಿ ಹ್ಯಾಲೊರನ್ ಕಂಡ. ಅಂಗಿ ಬೆವರಿನಿಂದ ಮೈಗಂಟಿತ್ತು. 'ಐವತ್ತು ನಿಮಿಷದಿಂದ ಒದ್ದಾಡ್ತಿದ್ದೀನಿ. ಈ ನಂಬರಿಗೆ ಹಚ್ಚು, ಬೇಗ,' ಎಂದವು ಕೈಗಳು.

ಅವಳು ಹಚ್ಚಿದಳು. ಅದೇ ಹೆಂಗಸು ಎತ್ತಿದಳು.

"ಮಿಸ್ಟರ್ ಹ್ಯಾಲೊರನ್! ಹೊರಟ್ರಾ?"

ಹೊರಟಿರಾ ಎಂದು ನಡೀನಳ ಕೈ ಕೇಳಿತು. ಅವನು ಹುಬ್ಬು ಗಂಟಿಕ್ಕಿದ. 'ಎಲ್ಲಿಗೆ?'

"ಎಲ್ಲಿಗೆ?" ಎಂದಳು ನಡೀನ್.

"ಎಲ್ಲಿಗೆ ಅಂದ್ರೆ? ಇಲ್ಲಿಗೇ! ಒಪ್ಪಿಗೆ ಇದೆ, ಬರ್ತೀನಿ ಅಂದ್ರಲ್ಲ ನೀವೇ. ನಾವು ಎಲ್ಲಾ ಸಿದ್ಧ ಮಾಡಿದ್ದೀವಿ."

ಅವಳು ಒಂದಕ್ಷರ ಬಿಡದೆ ಕೈಯಲ್ಲಿ ಹೇಳಿದಳು. ಬಂದಿದ್ದು ಬಂದ ಹಾಗೇ.

ಹ್ಯಾಲೊರನ್ ಅವಳನ್ನು ನೋಡಿದ. ಗ್ರಾಹಕರು ದುಭಾಷಿಯ ಕೈ ನೋಡುತ್ತಾರೆ, ಮುಖ ನೋಡುತ್ತಾರೆ, ಆದರೂ ಅವರಿಗೆ ಕಾಣುವುದು ಫೋನಿನ ಆ ತುದಿಯವರು. ಅವನು ಈಗ ನೋಡಿದ್ದು ಅವಳನ್ನು. ಈ ಮೊದಲಿನ ಕರೆಯ ಹೆಂಗಸು ಇವಳೇ ಎಂದು ಗುರುತು ಹಿಡಿದ. ಅವನ ಬಲಗೈ ಅವಳ ಕಡೆಗೆ ಅರ್ಧ ಎದ್ದಿತು.

ಅವನು ಏನು ಕೇಳಿದರೂ ಅವಳು ಅದನ್ನು ಗಟ್ಟಿಯಾಗಿ ನುಡಿಯಲೇಬೇಕು. ನಾನೆಲ್ಲಿ ಹೇಳಿದೆ, ಹೇಳಿದವಳು ಈ ಹೆಂಗಸು ಎಂದರೆ ಅದನ್ನೂ, ಅವನದೇ ಮಾತಾಗಿ, ಆಸ್ಪತ್ರೆಯವಳ ಕಿವಿಗೆ. ಆಗ ಒಪ್ಪಿಗೆಯೇ ಸುಳ್ಳಾಗುತ್ತದೆ. ಕರೆ ನಿಲ್ಲುತ್ತದೆ, ವಿಚಾರಣೆ ನಡೆಯುತ್ತದೆ, ಅಷ್ಟರಲ್ಲಿ ಹೊತ್ತು ಮೀರುತ್ತದೆ. ಕಿವುಡರ ಶಾಲೆಯಲ್ಲಿ ಬೆಳೆದ, ವರ್ಷಗಟ್ಟಲೆ ಇಂಥ ಪರದೆಗಳ ಮುಂದೆ ಕೂತ ಮನುಷ್ಯನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕೈ ಗಾಳಿಯಲ್ಲೇ ನಿಂತಿತು. ಹೆಂಡತಿ ಹಿಂದಿನಿಂದ ಅವನ ಭುಜ ತಟ್ಟಿದಳು. ಅವನು ತಿರುಗಲಿಲ್ಲ.

"ಹಲೋ?" ಎಂದಿತು ಫೋನು. "ಇದ್ದೀರಾ?"

'ಇದ್ದೀನಿ,' ಎಂದಿತು ಕೈ, ಬಹಳ ನಿಧಾನವಾಗಿ. 'ಹೌದು. ನಾನೇ ಹೇಳಿದ್ದು. ಹೊರಟ್ವಿ.'

"ಇದ್ದೀನಿ. ಹೌದು, ನಾನೇ ಹೇಳಿದ್ದು. ಹೊರಟ್ವಿ," ಎಂದಳು ನಡೀನ್.

ಪರದೆ ಖಾಲಿಯಾಗುವ ಮೊದಲು ಅವನು ಮತ್ತೊಮ್ಮೆ ಅವಳನ್ನು ನೋಡಿದ. ಆ ನೋಟದಲ್ಲಿ ಕೃತಜ್ಞತೆಯಿತ್ತೆಂದು ಅವಳು ತನ್ನನ್ನೇ ನಂಬಿಸಲಾರಳು. ಸಿಟ್ಟಿತ್ತೆಂದೂ ಹೇಳಲಾರಳು. ಆ ಮೊದಲ ಸಲ ಹೆಂಡತಿಯತ್ತ ತಿರುಗಿದವನು ಬೇಡವೆಂದೇ ಹೇಳುವವನಿದ್ದನೇ? ಸೋಂಕಿನ ಅಂಗ, ಅರ್ಧರಾತ್ರಿಯ ದಾರಿ, ಒಂದೇ ನಿಮಿಷ. ಅವನು ಯೋಚಿಸಬೇಕಿದ್ದ ಜಾಗದಲ್ಲಿ ಅವಳ ಮಾತು ಆಗಲೇ ಬಂದು ಕೂತಿತ್ತು. ಅವನು ನಾಲ್ಕಕ್ಕೆ ಮುಟ್ಟಿದನೋ, ಬದುಕಿದನೋ, ಅದೂ ಅವಳಿಗೆ ಎಂದೂ ತಿಳಿಯುವುದಿಲ್ಲ.

ಡ್ವೇನ್ ಬಾಗಿಲಲ್ಲಿ ತಲೆ ತೂರಿಸಿದ. "ಅರಿಜೋನಾದವರಿಗೆ ವರದಿ ಕೊಡ್ಬೇಕು. ಆ ಕಡಿದ ಕರೆ ಏನಾಯ್ತು? ನಮ್ಮವರಿಂದ ಏನಾದ್ರೂ ಎಡವಟ್ಟು?"

"ಅವರೇ ಮತ್ತೆ ಮಾಡಿದ್ರು. ಮಾತು ಮುಗೀತು."

"ಅಷ್ಟೇನಾ?"

"ಅಷ್ಟೇ."

"ನಿನ್ನ ಬಾಯಿಗೆ ಸಕ್ಕರೆ ಹಾಕ," ಎಂದು ಅವನು ಹೋದ.

ಕರೆಯ ಮಾತನ್ನು ಹೊರಗೆ ಆಡಬಾರದೆಂಬ ನಿಯಮವೇ ಬಚ್ಚಿಡಲು ಅವಳಿಗೆ ಮರೆ ಕೊಟ್ಟಿತ್ತು. ಅದೇ ಅವಳಿಗೆ ಎಲ್ಲಕ್ಕಿಂತ ಭಯವೆನಿಸಿತು. ಡ್ವೇನ್‌ಗೆ ಹೇಳುವುದಿಲ್ಲ, ಪಕ್ಕದ ಕೋಣೆಯವರಿಗೂ ಇಲ್ಲ. ಭಾನುವಾರ ಊಟದ ಮೇಜಿನಲ್ಲಿ ಅಮ್ಮ ಅವಳ ಮುಖ ನೋಡಿ ಏನಾಯಿತೆಂದು ಕೈಯಾಡಿಸಿ ಕೇಳಿದರೂ ಹೇಳುವುದಿಲ್ಲ. ಅವಳು ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡು, ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದಳು.