ಕಲ್ಲಿನ ಮೇಲಿನ ತವನ

ಸತ್ತಿ ಊರಿನ ಆಚೆ ಅರಣ್ಯ ಇಲಾಖೆ ಕಾಯ್ದಿಟ್ಟ ಹುಲ್ಲುಗಾವಲಿನಲ್ಲಿ ಒಂದು ಶಾಸನದ ಕಲ್ಲು. ಸವೆದ ಸಾಲುಗಳಲ್ಲಿ ಕಣ್ಣಿಗೆ ಬೀಳುತ್ತಿದ್ದುದು ‘ತವನ’ ಎಂಬ ಹೆಸರು ಮಾತ್ರ. ಊರಿನ ತವನಪ್ಪನಿಗೆ ಅಷ್ಟೇ ಸಾಕಾಯಿತು. ಅವನ ಮನೆತನದಲ್ಲಿ ತಲೆತಲಾಂತರದಿಂದ ಇದೇ ಹೆಸರು. ಅಡವಿಯನ್ನು ದಾನ ಬಿಟ್ಟ ಪುಣ್ಯಾತ್ಮ ತನ್ನ ಹಿರಿಯನೇ ಎಂದು ಊರ ತುಂಬ ಡಂಗುರ ಹೊಡೆದಿದ್ದ. ಆ ಜಂಬದಲ್ಲೇ ಬಡಿಗೆ ಹಿಡಿದು ತೋಳ, ಚಿಗರಿಗಳನ್ನು ಮನೆಯ ಮಕ್ಕಳಂತೆ ಕಾಯುತ್ತಿದ್ದ. ಹುಲ್ಲಿಗೆ ದನ ನುಗ್ಗಿದರೆ ಮೈಯೆಲ್ಲ ಉರಿ. ಹೆಚ್ಚಾಗಿ ನುಗ್ಗುತ್ತಿದ್ದುದು ಬದಿಯ ಹೊಲದ ಕಾಕಾಸಾಹೇಬನ ಎಮ್ಮೆ.

ಶಾಸನ ಓದಲು ಅಪೂರ್ವ ಎಂಬ ಸಂಶೋಧಕಿ ಬರುವ ಸುದ್ದಿ ಬಂತು. ಕಾಕಾಸಾಹೇಬ ಪಂಥ ಕಟ್ಟಿದ. “ದಾನಾ ಕೊಟ್ಟಾವ ನಿಮ್ಮ ಹಿರ್ಯಾನ ಅಂತ ಕಲ್ಲು ಹೇಳಿದ್ರ ಎಮ್ಮಿ ಕಟ್ಟಿ ಹಾಕ್ತೀನಿ. ಇಲ್ಲಾಂದ್ರ ನೀ ಬಡಿಗಿ ಕೆಳಗಿಡಬೇಕು, ತವನಪ್ಪಣ್ಣಾ.”

ತವನಪ್ಪ ಒಪ್ಪಿದ. ಹಿರಿಯನಿಗೆ ಗೌರವವೆಂದು, ಬಸದಿಯಲ್ಲಿ ಮೂರ್ತಿಗೆ ಮಾಡುವ ಹಾಗೆ, ಕಲ್ಲಿಗೂ ಒಂದು ಕೊಡ ಕಬ್ಬಿನ ಹಾಲಿನ ಅಭಿಷೇಕ ಮಾಡಿದ.

“ನೀರ ಸಾಕಾಗಿತ್ರಿ,” ಎಂದಳು ಹೆಂಡತಿ ಕಮಲಾಬಾಯಿ.

ಮರುದಿನ ನೋಡಿದರೆ ಕಲ್ಲಿಗೆ ಕರಿ ಇರುವೆ ಮುತ್ತಿದ್ದವು. ಕಾಕಾಸಾಹೇಬ ಒರೆಸಲು ಟವೆಲ್ ತೆಗೆದ. ತವನಪ್ಪ ಅಡ್ಡ ನಿಂತ.

“ಒಂದು ಇರವಿ ಸತ್ರೂ ಪಾಪ ನನಗ ಬರತೈತಿ. ಮುಟ್ಟಬ್ಯಾಡ.”

ಕೈಯಾರೆ ಕೆಲಸ ಕೆಡಿಸಿಕೊಂಡೆನಲ್ಲ ಎಂದು ಅವನಿಗೆ ಅಳುವೇ ಬಂತು. ಆದರೆ ಅಷ್ಟರಲ್ಲಿ ಬಂದ ಅಪೂರ್ವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಗತೊಡಗಿದಳು. ಕಬ್ಬಿನ ಹಾಲು ಅಕ್ಷರಗಳ ತಗ್ಗಿನಲ್ಲಿ ನಿಂತಿತ್ತು, ಇರುವೆಗಳೂ ಅಲ್ಲೇ ಸಾಲುಗಟ್ಟಿದ್ದವು. ಸವೆದ ಬರಹವೆಲ್ಲ ಕರ್ರಗೆ ಎದ್ದು ಕಾಣುತ್ತಿತ್ತು.

“ಅರ್ಥ ಬಿಡಿಸಿ ಹೇಳಲೇನ್ರಿ, ಕಾಕಾ?” ಎಂದು ತವನಪ್ಪನನ್ನು ಕೇಳಿದಳು.

“ಜೋರಾಗಿ ಹೇಳವಾ. ಎಲ್ಲಾರೂ ಕೇಳ್ಲಿ.”

“ಈ ಅಡವಿಯ ಹುಲ್ಲನ್ನು ಕದ್ದು ಮೇಯಿಸಿ ಸಿಕ್ಕಿಬಿದ್ದ ತವನನು...”

ಕಾಕಾಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ತವನಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಮೆರೆಸಿದ್ದು ಹುಲ್ಲುಗಳ್ಳನನ್ನು. ಮಾತಿಗೆ ತಪ್ಪುವ ಮನುಷ್ಯನಲ್ಲ, ಬಡಿಗೆ ಕೆಳಗಿಟ್ಟ.

“ಇನ್ನೂ ಐತ್ರಿ,” ಎಂದು ಅಪೂರ್ವ ಮುಂದುವರಿಸಿದಳು. “ಅವನೂ ಅವನ ಮಕ್ಕಳು ಮೊಮ್ಮಕ್ಕಳೂ ಸೂರ್ಯಚಂದ್ರರಿರುವ ತನಕ ಈ ಹುಲ್ಲನ್ನು ಕಾಯತಕ್ಕದ್ದು. ಇದೇ ಅವನಿಗೆ ಶಿಕ್ಷೆ.”

ಹಿಂದೆ ಚರಚರ ಸದ್ದಾಯಿತು. ಕಾಕಾಸಾಹೇಬನ ಎಮ್ಮೆ ಆಗಲೇ ಹುಲ್ಲಿಗೆ ಬಾಯಿ ಹಾಕಿತ್ತು.

ಕಮಲಾಬಾಯಿ ಬಡಿಗೆ ಎತ್ತಿ ಗಂಡನ ಕೈಗೆ ಕೊಟ್ಟಳು. ತವನಪ್ಪ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದ.

“ಕಾಕಾಸಾಹೇಬಾ,” ಎಂದ, “ಸೂರ್ಯ ಇನ್ನೂ ಐತಿ. ಎಮ್ಮಿ ಹೊಡಕೊಂಡು ನಡಿ.”