ತೆಂಗಿನಕಾಯಿ ವ್ಯಾಪಾರಿ ಆರಿಸಿದ ಬಾಟಲಿ

ನಾನು ನೊರೆಯೇಳುವ ವೈನಿನ ಬಾಟಲಿ. ನಂದಿಬೆಟ್ಟದ ತಪ್ಪಲಿನ ನೆಲಮಾಳಿಗೆಯೊಂದರಲ್ಲಿ ಎರಡು ವರ್ಷ ಕತ್ತಲಲ್ಲಿ ಬೆಳೆದೆ. ಕೆಲಸದವರು ಬಂದು ನನ್ನನ್ನು ಒಂದಿಷ್ಟೇ ತಿರುಗಿಸಿ, ಸದ್ದಿಲ್ಲದೆ ಹೋಗುತ್ತಿದ್ದರು. ನನ್ನೊಳಗಿನ ಗಾಳಿಗೆ ಅಷ್ಟು ಮರ್ಯಾದೆ.

ಆ ಮರ್ಯಾದೆ ಮೈಸೂರಿನ ಅಂಗಡಿಯವರೆಗೆ ನಡೆಯಿತು. ಕ್ರಿಸ್‌ಮಸ್‌ನ ಹಿಂದಿನ ದಿನ ಚೌರಪ್ಪ ಬಂದರು. ಮೂವತ್ತು ವರ್ಷದಿಂದ ತೆಂಗಿನಕಾಯಿ ವ್ಯಾಪಾರ ಅವರದು. ಮಗಳು ಜಸಿಂತಾ ಒಪ್ಪಿಗೆಯೋ ಇಲ್ಲವೋ ಎಂದು ಹೇಳಲು ಗಂಡಿನ ಕಡೆಯವರು ಹಬ್ಬದೂಟಕ್ಕೆ ಬರುವವರಿದ್ದರು. ಗಂಡಿನ ತಾಯಿ ವಿಕ್ಟೋರಿಯಮ್ಮ, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್, ಮೊದಲ ಭೇಟಿಯಲ್ಲೇ "ನೀವು ವೈನು ಮನೇಲೇ ಮಾಡ್ತೀರಂತೆ?" ಎಂದು ಕೇಳಿದ್ದರು. ಚೌರಪ್ಪನವರಿಗೆ ಅದು ಚುಚ್ಚುಮಾತಾಗಿ ಕೇಳಿಸಿತ್ತು.

"ಇದು ಸಿಹಿ ಇರಲ್ಲ ಸಾರ್," ಎಂದ ಅಂಗಡಿಯವನು.

"ಸಿಹಿ ಯಾರಿಗೆ ಬೇಕಪ್ಪ, ಗತ್ತಿರಬೇಕು."

ಐದು ಬಾಟಲಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ನನ್ನನ್ನು ಬೆರಳಿನಿಂದ ಕುಟ್ಟಿಯೂ ನೋಡಿ, "ಇದು ಬಲಿತಿದೆ," ಎಂದರು.

ಮರುದಿನ ಊಟದ ಮೇಜಿನ ಮೇಲೆ ನನ್ನನ್ನು ಕಂಡ ವಿಕ್ಟೋರಿಯಮ್ಮ ಕನ್ನಡಕ ಏರಿಸಿದರು. "ಇಂಥದ್ದನ್ನೆಲ್ಲ ಹೇಗೆ ಆರಿಸ್ತೀರಿ?"

"ಹೀಗೆ," ಎಂದು ಚೌರಪ್ಪ ನನ್ನನ್ನು ಕಿವಿಯ ಬಳಿ ಚೆನ್ನಾಗಿ ಕುಲುಕಿ ತೋರಿಸಿ, ಅದೇ ಉತ್ಸಾಹದಲ್ಲಿ ಮುಚ್ಚಳದ ತಂತಿ ಬಿಚ್ಚಿದರು.

ಬಿರಡೆ ಸೂರಿಗೆ ಬಡಿಯಿತು. ಎರಡು ವರ್ಷದ ನನ್ನ ಸಂಯಮವೆಲ್ಲ ಮೂಲೆಯಲ್ಲಿದ್ದ ಗೋದಲಿಯ ಮೇಲೆ ಸುರಿಯಿತು. ಬಾಲಯೇಸು, ಮೂವರು ರಾಜರು, ಮಣ್ಣಿನ ಕುರಿಗಳು, ಎಲ್ಲರಿಗೂ ಸ್ನಾನ. ಉಳಿದದ್ದು ವಿಕ್ಟೋರಿಯಮ್ಮನವರ ರೇಷ್ಮೆ ಸೆರಗಿಗೆ. ಜಸಿಂತಾ ಅಡುಗೆಮನೆಯ ಬಾಗಿಲು ಹಿಡಿದು ನಿಂತುಬಿಟ್ಟಳು.

"ಬೇಡ ಕಣೋ ಅಂತ ಬಡ್ಕೊಂಡೆ, ಕೇಳಿದ್ಯಾ?" ಎಂದಳು ಚೌರಪ್ಪನವರ ತಾಯಿ ಆರೋಗ್ಯಮ್ಮ. ಮಗ ಮಂಚದಡಿ ಬಚ್ಚಿಟ್ಟಿದ್ದ ಜಾಡಿಯನ್ನು ಎಳೆದು ತಂದು, ಸ್ಟೀಲ್ ಲೋಟಕ್ಕೆ ತನ್ನ ದ್ರಾಕ್ಷಿ ವೈನು ಬಗ್ಗಿಸಿದಳು.

ವಿಕ್ಟೋರಿಯಮ್ಮ ಒಂದು ಗುಟುಕು ಕುಡಿದು ಲೋಟವನ್ನೇ ನೋಡುತ್ತಾ ಕೂತರು. "ಇದನ್ನೇ ಅಲ್ವಾ ನಾನು ಅವತ್ತು ಕೇಳಿದ್ದು? ನಮ್ಮಮ್ಮ ಹೋದಮೇಲೆ ಎಲ್ಲೂ ಸಿಗಲಿಲ್ಲ. ಜಸಿಂತಾಗೆ ಮಾಡೋಕೆ ಬರುತ್ತಾ?"

"ನಾನು ಕಲಿಸದೆ ಬಿಟ್ಟಿರ್ತೀನಾ?"

"ಹಾಗಾದ್ರೆ ಈಸ್ಟರ್ ಕಳೀಲಿ, ಮದುವೆ ಮಾಡೋಣ. ಸೀರೆ ಒಗೆದ್ರೆ ಹೋಗುತ್ತೆ."

ಮದುವೆಯಾದ ಜಸಿಂತಾಳ ಜೊತೆ ಬಂದು ನಾನೀಗ ವಿಕ್ಟೋರಿಯಮ್ಮನವರ ಕಪಾಟಿನಲ್ಲಿದ್ದೇನೆ. ಪ್ರತಿ ಡಿಸೆಂಬರಿನಲ್ಲಿ ಜಸಿಂತಾ ಅಜ್ಜಿಯ ವೈನನ್ನು ಮಾಡಿ ನನ್ನಲ್ಲಿ ತುಂಬುತ್ತಾಳೆ. ನೆಂಟರು ಕುಡಿದು, ನನ್ನ ಮಾಸಿದ ಲೇಬಲ್ ಓದಿ, ಗೊತ್ತಿರುವವರಂತೆ ತಲೆದೂಗುತ್ತಾರೆ. ನನ್ನ ಸ್ವಂತ ವೈನಿನ ರುಚಿ ಬಲ್ಲವು ಚೌರಪ್ಪನವರ ಗೋದಲಿಯ ಕುರಿಗಳು ಮಾತ್ರ. ಅವು ಈವರೆಗೆ ಅಭಿಪ್ರಾಯ ಹೇಳಿಲ್ಲ.