ಹೂಂ ಅನ್ನುವವಳು

ದೊಡ್ಡಮುನಿಯಮ್ಮನ ಕಥೆಗೆ ಹೂಂಗುಟ್ಟುವುದು ಹುಡುಗಾಟದ ಕೆಲಸವಾಗಿರಲಿಲ್ಲ. ಬೇಗ ಹೂಂ ಅಂದರೆ "ನಿಂಗೇನೇ ಅವಸರ" ಎನ್ನುತ್ತಿದ್ದಳು. ತಡವಾದರೆ "ನಿದ್ದೆ ಹೋದ್ಯಾ" ಎಂದು ರೇಗುತ್ತಿದ್ದಳು. ರಾಜ ಕಾಡಿಗೆ ಹೊರಟರೆ ಗಟ್ಟಿ ಹೂಂ, ರಾಣಿ ಅತ್ತರೆ ಎಳೆದ ಹೂಂ. ಬೈಯಪ್ಪನಹಳ್ಳಿಯ ಆ ಬೀದಿಯಲ್ಲಿ ಇದು ಸರಿಯಾಗಿ ಬರುತ್ತಿದ್ದುದು ಯಶೋದಮ್ಮ ಒಬ್ಬಳಿಗೇ. ಇಪ್ಪತ್ತೆರಡು ವರ್ಷದಿಂದ ಆ ಮನೆಯ ಅಂಗಳ ಗುಡಿಸಿ, ಅವರೆಕಾಯಿ ಸುಲಿದು, ಹೂಂ ಅಂದುಕೊಂಡು ಬಂದವಳು ಅವಳು.

ಇಬ್ಬರ ನಡುವೆ ಮೂರು ಮೆಟ್ಟಿಲು. ಮೇಲೆ ಜಗಲಿಯಲ್ಲಿ ಚಾಪೆ ಹಾಸಿಕೊಂಡು ದೊಡ್ಡಮುನಿಯಮ್ಮ, ಕೆಳಗೆ ಅಂಗಳದಲ್ಲಿ ಗೋಣಿಚೀಲದ ಮೇಲೆ ಯಶೋದಮ್ಮ. ದೊಡ್ಡಮುನಿಯಮ್ಮನ ಹೊಲಗಳೆಲ್ಲ ಸೈಟುಗಳಾಗಿದ್ದವು, ಹಿತ್ತಲಿನಲ್ಲಿ ಬಾಡಿಗೆ ರೂಮುಗಳು ಎದ್ದಿದ್ದವು, ಜಗಲಿಗೆ ಮೊಸಾಯಿಕ್ ಬಂದಿತ್ತು. ಯಶೋದಮ್ಮನಂಥ ದಲಿತ ಕಾಲೋನಿಯವರು ಮೆಟ್ಟಿಲ ಕೆಳಗೇ ಎನ್ನುವುದು ಮಾತ್ರ ಹಾಗೇ ಇತ್ತು. ಯಶೋದಮ್ಮ ಸುಲಿದ ಕಾಳು ನೇರ ಒಲೆಯವರೆಗೂ ಹೋಗುತ್ತಿತ್ತು. ಸುಲಿದವಳಿಗೆ ಜಗಲಿಯೂ ಇಲ್ಲವಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಉರಿದ ದಿನವೂ ಕಥೆ ಚೆನ್ನಾಗಿದ್ದರೆ ಹೂಂ ತಾನಾಗಿ ಬಂದುಬಿಡುತ್ತಿತ್ತು. ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು.

ಹಿತ್ತಲಿನ ರೂಮಿನಲ್ಲಿ ಬಾಡಿಗೆಗಿದ್ದ ಮಧುಕರ್ ಎಂಬ ಮೇಷ್ಟ್ರಿಗೆ ನಾಟಕದ ಹುಚ್ಚು. ಎರಡು ಸಾವಿರದ ನಾಲ್ಕರ ಸಂಕ್ರಾಂತಿ ಕಳೆದ ಮೇಲೆ ಅವನು ಮನೆಮನೆಗೂ ಹೋಗಿ, "ಒಂದೇ ಬೀದೀಲಿದ್ದು ಒಬ್ಬರ ಮನೆ ಸುದ್ದಿ ಒಬ್ಬರಿಗೆ ಗೊತ್ತಿಲ್ಲ. ಭಾನುವಾರ ಸಂಜೆ ಒಬ್ಬರು ಕಥೆ ಹೇಳಲಿ, ಮಿಕ್ಕವರು ಆಡಿ ತೋರಿಸೋಣ" ಅಂದ. ಮೊದಲ ವಾರ ಟೈಲರ್ ಅಂಗಡಿಯ ಶಂಶುನ್ನೀಸಾ ತನ್ನ ಮದುವೆಯ ಪಜೀತಿಯನ್ನು ಅರ್ಧ ದಖನಿ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದಳು. ಹೂವಿನ ಆಂಜನಮ್ಮ ಮದುಮಗನಾಗಿ ಮೀಸೆ ಅಂಟಿಸಿಕೊಂಡು ಬಂದಳು. ಜನ ಬಿದ್ದು ಬಿದ್ದು ನಕ್ಕರು.

ಎರಡನೆಯ ವಾರ ದೊಡ್ಡಮುನಿಯಮ್ಮನ ಸರದಿ. ಶಾಲೆಯ ಬೆಂಚುಗಳನ್ನು ಜೋಡಿಸಿ, ಜಮಖಾನ ಹಾಸಿ ವೇದಿಕೆ ಮಾಡಿದ್ದರು. ಮುದುಕಿ ರೇಷ್ಮೆ ಸೀರೆ ಉಟ್ಟು, ಮೈಕಿನ ಮುಂದೆ ಕೂತಳು. ಹೂಂಗುಟ್ಟಲು ಪಕ್ಕದಲ್ಲಿ ಮೊಮ್ಮಗಳು ಭವ್ಯ.

"ಒಬ್ಬ ರಾಜನಿಗೆ ನಿದ್ದೆ ಕಳೆದೋಗಿತ್ತಂತೆ."

"ಓಕೆ," ಅಂದಳು ಭವ್ಯ.

ಮುದುಕಿ ತಡವರಿಸಿದಳು. ಮತ್ತೆ ಶುರುಮಾಡಿದರೆ ಭವ್ಯ ಎಲ್ಲದಕ್ಕೂ ಹೂಂ, ಹೂಂ, ಹೂಂ ಎಂದು ಒಂದೇ ಸಮ ಬಡಬಡಿಸಿದಳು. ರಾಜ ಊರಬಾಗಿಲಿನಲ್ಲೇ ಸಿಕ್ಕಿಹಾಕಿಕೊಂಡ. ಮುಂದಿನದು ನೆನಪಾಗಲೊಲ್ಲದು. ಜನ ಕಿಸಕ್ಕೆಂದರು. ಹಿಂದೆ ಕಾಂಪೌಂಡಿನ ಹತ್ತಿರ ನಿಂತಿದ್ದ ಯಶೋದಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಮುದುಕಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು ಕಂಡು ಪಾಪ ಎಂದೂ ಅನ್ನಿಸಿತು.

"ಯಶೋದಿ ಎಲ್ಲಿ? ಬಾರೇ ಇಲ್ಲಿ," ಎಂದು ದೊಡ್ಡಮುನಿಯಮ್ಮ ಮೈಕಿನಲ್ಲೇ ಕರೆದಳು.

ಯಶೋದಮ್ಮ ಬಂದು, ಅಭ್ಯಾಸಬಲದಿಂದ ವೇದಿಕೆಯ ಕೆಳಗೇ ನಿಂತಳು.

"ರಾಜ ಊರೆಲ್ಲ ಹುಡುಕ್ಸಿದ್ನಂತೆ."

ಹೂಂ ಗಂಟಲವರೆಗೂ ಬಂತು. ಯಶೋದಮ್ಮ ಅಲ್ಲೇ ತಡೆದಳು. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯವರಿಗೆ ತಾನು ಕೊಡದೆ ಇಟ್ಟುಕೊಳ್ಳಬಹುದಾದದ್ದು ಇದೊಂದೇ ಎಂದು ಅವಳಿಗೆ ಆಗ ಹೊಳೆಯಿತು.

"ಹೂಂ ಅನ್ನೇ."

"ಇಲ್ಲಿಂದ ಕಥೆ ಕೇಳ್ಸಲ್ಲ ಅಮ್ಮೋರೆ."

ಮೈಕಿನ ಸದ್ದು ರೈಲ್ವೆ ಗೇಟಿನವರೆಗೂ ಹೋಗುತ್ತಿತ್ತು. ಜನ ಮೊದಲು ನಕ್ಕರು, ಆಮೇಲೆ ಅರ್ಥವಾಗಿ ಮುದುಕಿಯ ಕಡೆ ನೋಡಿದರು. ಮುಂದಿನ ಕುರ್ಚಿಯಲ್ಲಿದ್ದ ಅವಳ ಮೈದುನ ಬೈಲಪ್ಪ ಬೇಡವೆಂಬಂತೆ ಜೋರಾಗಿ ಕೆಮ್ಮಿದ. ದೊಡ್ಡಮುನಿಯಮ್ಮ ಅವನನ್ನು ನೋಡಿದಳು, ಜನರನ್ನು ನೋಡಿದಳು, ಅರ್ಧಕ್ಕೆ ನಿಂತ ರಾಜನನ್ನೂ ನೆನೆದಿರಬೇಕು.

"ಭವ್ಯಾ, ಏಳೇ. ನಿನ್ ಕೈಲಾಗಲ್ಲ. ಯಶೋದಿ, ಹತ್ತು."

ಯಶೋದಮ್ಮ ಹತ್ತಿ ಪಕ್ಕದಲ್ಲಿ ಕೂತಳು. ಆಮೇಲೆ ಕಥೆ ನಿಲ್ಲಲೇ ಇಲ್ಲ. ರಾಜನ ನಿದ್ದೆ ಅವನದೇ ಬಾಗಿಲು ಕಾಯುವವನ ಗುಡಿಸಲಿನಲ್ಲಿ ಸಿಕ್ಕಿತು. ಅದೊಂದು ಮನೆಯನ್ನು ಯಾರೂ ಹುಡುಕಿರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಮಧುಕರ್ ಕಣ್ಣೊರೆಸಿಕೊಂಡ.

ಮರುದಿನ ಬೆಳಗ್ಗೆ ಯಶೋದಮ್ಮ ಹೋದರೆ, ಗೋಣಿಚೀಲ ಎಂದಿನಂತೆ ಮೆಟ್ಟಿಲ ಕೆಳಗೆ ಮಡಿಸಿಟ್ಟಿತ್ತು. ಪಕ್ಕದಲ್ಲಿ ಮೊರ, ಒಂದು ಬುಟ್ಟಿ ಅವರೆಕಾಯಿ. ಜಗಲಿಯ ಮೇಲೆ ಮುದುಕಿ ಏನೂ ಆಗದವಳಂತೆ ಕೂತಿದ್ದಳು. ಯಶೋದಮ್ಮನಿಗೆ ಚುರುಕ್ಕೆಂದಿತು. ನಾಟಕ ಮುಗಿಯಿತು, ಬಣ್ಣ ತೊಳೆದಾಯಿತು ಅಂದುಕೊಂಡು ಕೂತಳು.

"ಒಂದೂರಲ್ಲಿ ಒಬ್ಬಳು ಸೊಸೆ ಇದ್ಲಂತೆ."

ಯಶೋದಮ್ಮ ಒಂದು ಕಾಯಿ ಸುಲಿದಳು. ಇನ್ನೊಂದು ಸುಲಿದಳು.

"ಇದ್ಲಂತೆ ಕಣೇ."

"ಇಲ್ಲಿಂದ ಕೇಳ್ಸಲ್ಲ ಅಮ್ಮೋರೆ. ನಿನ್ನೇನೇ ಹೇಳಿದ್ನಲ್ಲ."

ಇವತ್ತು ನಗುವವರು ಯಾರೂ ಇರಲಿಲ್ಲ. ನಾಳೆಯಿಂದ ಬರಬೇಡ ಅಂದರೆ ಏನು ಮಾಡುವುದು ಎಂದುಕೊಳ್ಳುತ್ತಲೇ ಯಶೋದಮ್ಮ ಮತ್ತೊಂದು ಕಾಯಿ ಎತ್ತಿಕೊಂಡಳು.

"ನಾಟಕದಲ್ಲಿ ಕೂತ್ಕೊಂಡ್ರೆ ಮನೇಲೂ ಕೂತ್ಕೋಬೇಕಾ?"

"ಬೇಡ ಬಿಡಿ. ಕಥೆ ನೀವೇ ಹೇಳ್ಕೊಳಿ, ಹೂಂ ನೀವೇ ಅಂದ್ಕೊಳಿ."

ದೊಡ್ಡಮುನಿಯಮ್ಮ ಹಟಕ್ಕೆ ಬಿದ್ದು ಹಾಗೇ ಮಾಡಿದಳು. ಸೊಸೆ ಇದ್ಲಂತೆ, ಹೂಂ. ನೀರಿಗೆ ಹೋದ್ಲಂತೆ, ಹೂಂ. ಬಾವಿಯ ಹತ್ತಿರ ಬರುವಷ್ಟರಲ್ಲಿ ಅವಳಿಗೇ ನಾಚಿಕೆಯಾಗಿ ಬಾಯಿ ಮುಚ್ಚಿದಳು.

ಬುಟ್ಟಿ ಅರ್ಧ ಖಾಲಿಯಾಗುವ ಹೊತ್ತಿಗೆ ಮುದುಕಿ ಮಂಡಿ ಹಿಡಿದುಕೊಂಡು, ಗೊಣಗುತ್ತ, ಚಾಪೆಯ ಒಂದು ಕೊನೆಗೆ ಸರಿದಳು.

"ಬರೋವಾಗ ಬುಟ್ಟೀನೂ ತಗೊಂಡ್ಬಾ. ನಾನೂ ನಾಕು ಸುಲೀತೀನಿ."

ಯಶೋದಮ್ಮ ಬುಟ್ಟಿ ಎತ್ತಿಕೊಂಡು ಮೂರು ಮೆಟ್ಟಿಲು ಹತ್ತಿದಳು. ಮೊಸಾಯಿಕ್ ಅಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಚಾಪೆಯ ಖಾಲಿ ಜಾಗದಲ್ಲಿ ಕೂತು, ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟಳು.

"ಒಂದೂರಲ್ಲಿ ಒಬ್ಬಳು ಸೊಸೆ ಇದ್ಲಂತೆ," ಎಂದು ದೊಡ್ಡಮುನಿಯಮ್ಮ ಮೊದಲಿನಿಂದ ಶುರುಮಾಡಿದಳು.

"ಹೂಂ," ಅಂದಳು ಯಶೋದಮ್ಮ.